ಚಳಿಗಾಲಕ್ಕೆ ಮುಂಚೆ ಹಾಯಿದೋಣಿಯ ನೀರಿನ ಲೈನ್: ಮೂರು ದಿನದ ಕೆಲಸದ ದಾಖಲೆ

ಚಳಿಯಲ್ಲಿ ಪೈಪು ಒಡೆಯದ ಹಾಗೆ ದೋಣಿಯ ಲೈನ್‌ನಿಂದ ನೀರು ಇಳಿಸಿ, ಬೇಗ ಹೆಪ್ಪುಗಟ್ಟದ ಆಂಟಿಫ್ರೀಜ್ ದ್ರವ ಬಿಡುವುದು ಈ ಕೆಲಸ. ಹೋದ ವರ್ಷ ಇದನ್ನು ಅರ್ಧ ದಿನದಲ್ಲಿ ಮುಗಿಸಿದ್ದೆ. ಎಲ್ಲ ನಲ್ಲಿಯಲ್ಲೂ ಗುಲಾಬಿ ಬಣ್ಣದ ಆಂಟಿಫ್ರೀಜ್ ಬಂತು, ಸರಿ ಅಂತ ಬೀಗ ಹಾಕಿ ಹೊರಟೆ. ಚಳಿ ಕಳೆದ ಮೇಲೆ ಟ್ಯಾಂಕ್ ತುಂಬಿಸಿ ಪಂಪ್ ಸ್ವಿಚ್ ಹಾಕಿ ಡೆಕ್ ಮೇಲೆ ಹೋದೆ. ಕೆಳಗೆ ಪಂಪ್ ನಿಲ್ಲದೆ ಓಡುತ್ತಿತ್ತು. ಹಿಂಬದಿ ಶವರ್‌ನ ಮಿಕ್ಸರ್ (ಬಿಸಿನೀರು, ತಣ್ಣೀರು ಬೆರೆಸುವ ನಲ್ಲಿ) ಮೈಯಲ್ಲಿ ಉಗುರಿನಷ್ಟು ಉದ್ದದ ಬಿರುಕು. ನಾನು ಕೆಳಗಿಳಿದು ನೋಡುವಷ್ಟರಲ್ಲಿ ಸುಮಾರು 40 ಲೀಟರ್ ನೀರು ಹಿಂದಿನ ಲಾಕರ್ ತುಂಬಿ ಬಿಲ್ಜ್‌ಗೆ, ಅಂದರೆ ದೋಣಿಯ ತಳಕ್ಕೆ, ಇಳಿದಿತ್ತು.

ಕಾರಣ ಹುಡುಕಿದಾಗ ತಪ್ಪು ನನ್ನದೇ. ಆ ಮಿಕ್ಸರ್‌ನಲ್ಲಿ ತಣ್ಣೀರಿನ ಕಡೆ ಮಾತ್ರ ತಿರುಗಿಸಿದ್ದೆ. ಗುಲಾಬಿ ಬಂದಿದ್ದು ಆ ಕಡೆಯಿಂದ. ಬಿಸಿನೀರಿನ ಕಡೆಯ ಪೈಪಿನಲ್ಲಿ ನೀರು ಹಾಗೇ ಕೂತಿತ್ತು. ನೀರು ಹೆಪ್ಪುಗಟ್ಟುವಾಗ ಶೇಕಡ 9ರಷ್ಟು ಹಿಗ್ಗುತ್ತದೆ. ಬಗ್ಗುವ ಪೈಪು ಅದನ್ನು ಸ್ವಲ್ಪ ತಡೆದುಕೊಳ್ಳುತ್ತದೆ, ಮಿಕ್ಸರ್‌ನಂಥ ಗಟ್ಟಿ ಸಾಮಾನು ತಡೆದುಕೊಳ್ಳುವುದಿಲ್ಲ.

ಅದಕ್ಕೇ ಈ ಸಲ ಮೂರು ದಿನ ತೆಗೆದುಕೊಂಡೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ದೋಣಿಯ ಲೈನ್ ಹೇಗಿದೆ

10 ಮೀಟರ್ ದೋಣಿ. ಮುಂದಿನ ಹಾಸಿಗೆಯ ಕೆಳಗೆ 150 ಲೀಟರ್ ಟ್ಯಾಂಕ್, ಮಧ್ಯದ ಸೀಟಿನ ಕೆಳಗೆ 100 ಲೀಟರ್ ಟ್ಯಾಂಕ್. ಎರಡೂ ಒಂದು ಟ್ಯಾಂಕ್ ಬದಲಿಸುವ ವಾಲ್ವ್‌ಗೆ ಸೇರುತ್ತವೆ. ಅಲ್ಲಿಂದ ಜಾಲರಿ ಬಟ್ಟಲು, 12 ವೋಲ್ಟ್ ಡಯಾಫ್ರಮ್ ಪಂಪ್, 1 ಲೀಟರಿನ ಪ್ರೆಶರ್ ಡಬ್ಬಿ. ಆಮೇಲೆ ಲೈನ್ ಎರಡಾಗುತ್ತದೆ. ಒಂದು ನೇರ ತಣ್ಣೀರು, ಇನ್ನೊಂದು 22 ಲೀಟರ್ ಗೀಸರ್ ಮೂಲಕ ಬಿಸಿನೀರು. ಅಡುಗೆ ಸಿಂಕ್, ಬಾತ್‌ರೂಮ್ ಬೇಸಿನ್, ಒಳಗಿನ ಶವರ್, ಹಿಂಬದಿ ಶವರ್ ನಾಲ್ಕಕ್ಕೂ ಎರಡು ಲೈನೂ ಹೋಗುತ್ತವೆ. ಅಡುಗೆ ಸಿಂಕ್‌ನಲ್ಲಿ ಕಾಲಲ್ಲಿ ತುಳಿಯುವ ಪಂಪ್ ಒಂದಿದೆ. ಅದಕ್ಕೆ ಮುಂದಿನ ಟ್ಯಾಂಕಿನಿಂದ ಪ್ರತ್ಯೇಕ ಪೈಪು.

ಕೆಲಸ ಶುರು ಮಾಡುವ ಮುಂಚೆ ಕಾಗದದ ಮೇಲೆ ಇಡೀ ಲೈನ್ ಬರೆದುಕೊಂಡೆ. ನೀರು ಎಲ್ಲಿ ಕೊನೆಯಾಗುತ್ತದೆ, ಎಲ್ಲಿ ಪೈಪು ಕೆಳಗಿಳಿದು ಮತ್ತೆ ಮೇಲೇರುತ್ತದೆ ಅಂತ ಟಾರ್ಚ್ ಹಿಡಿದು ಒಂದೊಂದೇ ಗುರುತು ಹಾಕಿದೆ. ಇದಕ್ಕೆ ಒಂದೂವರೆ ಗಂಟೆ ಹಿಡಿಯಿತು. ಹೋದ ವರ್ಷ ಇದನ್ನು ಮಾಡಿದ್ದರೆ ಮಿಕ್ಸರ್ ಉಳಿಯುತ್ತಿತ್ತು.

ಬೇಕಾದ ಸಾಮಾನು: 20 ಲೀಟರ್ ಆಂಟಿಫ್ರೀಜ್, ಎರಡು ಬಕೆಟ್, ಬಿಳಿ ಮಗ್, ದೊಡ್ಡ ಸ್ಪಾಂಜ್, ನೀರು ಎಳೆಯುವ ವ್ಯಾಕ್ಯೂಮ್, ಸ್ಪಾನರ್, ಹೋಸ್ ಕ್ಲಿಪ್‌ಗೆ ಸ್ಕ್ರೂಡ್ರೈವರ್, 15 ಮಿ.ಮೀ. ಪುಶ್-ಫಿಟ್ ಜಾಯಿಂಟ್ ಒಂದು, 1.5 ಮೀಟರ್ ಹೋಸ್, ಸಿಲಿಕಾನ್ ಗ್ರೀಸ್, ಚಿಕ್ಕ ಏರ್ ಕಂಪ್ರೆಸರ್, ಆಂಟಿಫ್ರೀಜ್ ಎಷ್ಟು ಡಿಗ್ರಿಗೆ ಹೆಪ್ಪುಗಟ್ಟಲು ಶುರುವಾಗುತ್ತದೆ ಅಂತ ತೋರಿಸುವ ರಿಫ್ರ್ಯಾಕ್ಟೋಮೀಟರ್. ಕೊನೆಯದು ಈ ಸಲ ಹೊಸದಾಗಿ ತಂದದ್ದು. ಬಿಳಿ ಮಗ್ ಯಾಕೆಂದರೆ ಬಣ್ಣದ ಮಗ್‌ನಲ್ಲಿ ತೆಳು ಗುಲಾಬಿ ಕಾಣಿಸುವುದಿಲ್ಲ.

ಆಂಟಿಫ್ರೀಜ್ ಬಗ್ಗೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಕುಡಿಯುವ ನೀರಿನ ಲೈನ್‌ಗೆ ಪ್ರೊಪಿಲೀನ್ ಗ್ಲೈಕಾಲ್ ಇರುವುದನ್ನೇ ಹಾಕಬೇಕು. ಕಾರಿನ ರೇಡಿಯೇಟರ್‌ಗೆ ಸಾಮಾನ್ಯವಾಗಿ ಹಾಕುವುದು ಎಥಿಲೀನ್ ಗ್ಲೈಕಾಲ್, ಅದು ವಿಷ. ಒಂದು ಹನಿಯೂ ಈ ಲೈನ್‌ಗೆ ಸೇರಬಾರದು. ಕೆಲವು ಗುಲಾಬಿ ಡಬ್ಬಗಳಲ್ಲಿ ಎಥನಾಲ್ ಬೆರೆಸಿರುತ್ತಾರೆ. ಅದು ಬೆಂಕಿ ಹತ್ತುವ ವಸ್ತು, ರಬ್ಬರ್ ವಾಷರ್‌ಗಳನ್ನೂ ಒಣಗಿಸುತ್ತದೆ. ಲೇಬಲ್ ಹಿಂದೆ ತಿರುಗಿಸಿ ಓದಿ ತಂದೆ.

ದಿನ 1: ನೀರು ಇಳಿಸುವುದು

ದೋಣಿ ಆಗಲೇ ನೆಲದ ಮೇಲೆ, ಆಧಾರಗಳ ಮೇಲೆ ನಿಂತಿತ್ತು. ಗೀಸರ್ ಬ್ರೇಕರ್ ಹಿಂದಿನ ದಿನವೇ ಆಫ್ ಮಾಡಿದ್ದೆ. ಖಾಲಿ ಗೀಸರ್‌ಗೆ ಕರೆಂಟ್ ಹೋದರೆ ಕಾಯಿಲ್ ಸುಟ್ಟುಹೋಗುತ್ತದೆ. ನೀರೂ ತಣಿದಿರಬೇಕು, ಇಲ್ಲದಿದ್ದರೆ ಬಿಚ್ಚುವಾಗ ಕೈ ಸುಡುತ್ತದೆ.

ಮೊದಲು ಎರಡೂ ಟ್ಯಾಂಕನ್ನು ಪಂಪ್‌ನಿಂದಲೇ ನಲ್ಲಿಗಳ ಮೂಲಕ ಖಾಲಿ ಮಾಡಿದೆ. ಪಂಪ್ ಗಾಳಿ ಎಳೆಯುವ ಸದ್ದು ಬಂದ ಮೇಲೆ ನಿಲ್ಲಿಸಿ ಮುಚ್ಚಳ ತೆಗೆದು ನೋಡಿದೆ. ಮುಂದಿನ ಟ್ಯಾಂಕಿನ ಹಿಂಬದಿ ಮೂಲೆಯಲ್ಲಿ ಇನ್ನೂ 6 ಲೀಟರ್ ಇತ್ತು. ದೋಣಿ ನೀರಿನಲ್ಲಿ ತೇಲುವಾಗಿನ ಇಳಿಜಾರು ಬೇರೆ, ನೆಲದ ಮೇಲೆ ಕೂತಾಗಿನದು ಬೇರೆ. ನನ್ನ ದೋಣಿ ಆಧಾರಗಳ ಮೇಲೆ ಮೂತಿ ಎತ್ತಿ ನಿಂತಿದೆ. ಹಾಗಾಗಿ ಬೇಸಿಗೆಯಲ್ಲಿ ಸರಿಯಾಗಿ ನೀರೆಳೆಯುವ ಪೈಪಿನ ಬಾಯಿ ಈಗ ನೀರಿಗಿಂತ ಮೇಲಿದೆ. ಇದು ಟ್ಯಾಂಕ್‌ಗೆ ಮಾತ್ರವಲ್ಲ, ಇಡೀ ಲೈನ್‌ಗೂ ಅನ್ವಯಿಸುತ್ತದೆ. ಮಧ್ಯಾಹ್ನ ಮತ್ತೆ ಕಾಗದ ತೆಗೆದು ತಗ್ಗಿನ ಜಾಗಗಳನ್ನು ಹೊಸದಾಗಿ ಗುರುತು ಹಾಕಿಕೊಂಡೆ. ಎರಡು ಜಾಗ ಬದಲಾಗಿದ್ದವು.

ಉಳಿದ ನೀರನ್ನು ವ್ಯಾಕ್ಯೂಮ್‌ನಿಂದ ಎಳೆದು, ಕೊನೆಗೆ ಸ್ಪಾಂಜ್‌ನಿಂದ ಒರೆಸಿದೆ. ಟ್ಯಾಂಕ್ ಒಳಗೆ ಆಂಟಿಫ್ರೀಜ್ ಹಾಕಲಿಲ್ಲ. ಹಾಕಿದರೆ ಬಹಳ ಹಿಡಿಯುತ್ತದೆ, ಆಮೇಲೆ ಆ ಸಿಹಿ ರುಚಿ ತೊಳೆಯುವುದು ತುಂಬಾ ಕಷ್ಟ.

ಆಮೇಲೆ ಗೀಸರ್. ಕೆಳಗಿನ ಡ್ರೇನ್ ತಿರುಪಿದೆ. ನೂಲಿನಷ್ಟು ನೀರು ಬಂತು, ನಿಂತಿತು. ಮೇಲಿನ ಸೇಫ್ಟಿ ವಾಲ್ವ್‌ನ ಹಿಡಿ ಎತ್ತಿ ಗಾಳಿ ಬಿಟ್ಟೆ. ಸ್ವಲ್ಪ ಜಾಸ್ತಿ ಬಂತು, ಮತ್ತೆ ನಿಂತಿತು. ಗೀಸರ್ ಬಹುತೇಕ ಖಾಲಿ ಇರಬೇಕು ಅಂದುಕೊಂಡು ಮುಂದಿನ ಕೆಲಸಕ್ಕೆ ಹೋಗುವವನಿದ್ದೆ. ಬಕೆಟ್ ನೋಡಿದರೆ 3 ಲೀಟರ್ ಮಾತ್ರ. 22 ಲೀಟರಿನ ಗೀಸರ್, 3 ಲೀಟರ್ ನೀರು, ಲೆಕ್ಕ ಕೂಡಲಿಲ್ಲ. ಡ್ರೇನ್ ಬಾಯಿಯೊಳಗೆ ತಂತಿ ತೂರಿಸಿದಾಗ ಸುಣ್ಣದ ಚಕ್ಕೆಗಳು ಉದುರಿ ನೀರು ಧಾರೆಯಾಗಿ ಬಂತು. ಒಟ್ಟು 19 ಲೀಟರ್ ಇಳಿಯಿತು. ಓರೆಯಾಗಿ ಕೂತಿರುವುದರಿಂದ ಹಿಂಬದಿಯಲ್ಲಿ ಸುಮಾರು 3 ಲೀಟರ್ ಉಳಿದಿದೆ. 22 ಲೀಟರ್ ಜಾಗದಲ್ಲಿ 3 ಲೀಟರ್ ಹೆಪ್ಪುಗಟ್ಟಿದರೆ ಹಿಗ್ಗಲು ಬೇಕಾದಷ್ಟು ಜಾಗ ಇದೆ. ಅದನ್ನು ಬಿಟ್ಟೆ, ಡ್ರೇನ್ ತೆರೆದೇ ಇಟ್ಟೆ.

ಅಂದಿನಿಂದ ಬಿಟ್ಟ ನೀರನ್ನೆಲ್ಲ ಬಕೆಟ್‌ನಲ್ಲಿ ಅಳೆದೇ ಚೆಲ್ಲುತ್ತಿದ್ದೇನೆ.

ಗೀಸರ್‌ಗೆ ಎಂಜಿನ್ ಕಡೆಯಿಂದ ಬರುವ ಎರಡು ದಪ್ಪ ಹೋಸ್ ಇವೆ. ಅದರಲ್ಲಿರುವುದು ಎಂಜಿನ್ ಕೂಲೆಂಟ್, ಈ ಲೈನ್‌ಗೂ ಅದಕ್ಕೂ ಸಂಬಂಧ ಇಲ್ಲ. ಅದನ್ನು ಬಿಚ್ಚಲಿಲ್ಲ.

ಸಂಜೆ ಬೈಪಾಸ್ ಮಾಡಿದೆ. ಗೀಸರ್‌ಗೆ ಹೋಗುವ ತಣ್ಣೀರಿನ ಪೈಪು, ಅದರಿಂದ ಹೊರಡುವ ಬಿಸಿನೀರಿನ ಪೈಪು ಎರಡನ್ನೂ ಕಳಚಿ, ಪುಶ್-ಫಿಟ್ ಜಾಯಿಂಟ್‌ನಿಂದ ಒಂದಕ್ಕೊಂದು ಸೇರಿಸಿದೆ. 10 ನಿಮಿಷದ ಕೆಲಸ. ಹೋದ ವರ್ಷ ಇದನ್ನು ಮಾಡದೆ 22 ಲೀಟರ್ ಆಂಟಿಫ್ರೀಜ್ ಸುಮ್ನೆ ಗೀಸರ್ ತುಂಬಲಿಕ್ಕೇ ಹೋಗಿತ್ತು. ತಣ್ಣೀರಿನ ಬಾಯಲ್ಲಿರುವ ಎನ್‌ಆರ್‌ವಿ (ನೀರು ಹಿಂದಕ್ಕೆ ಹರಿಯದಂತೆ ತಡೆಯುವ ವಾಲ್ವ್) ಬಿಚ್ಚಿ ಕೊಡವಿದೆ. ಅದರೊಳಗೆ ಒಂದು ಚಮಚ ನೀರಿತ್ತು. ಅದು ಹಿತ್ತಾಳೆಯದು, ಒಂದು ಚಮಚವೇ ಸಾಕು ಒಡೆಯಲು.

ದಿನ 2: ಗಾಳಿ ಬಿಟ್ಟದ್ದು, ಮತ್ತು ಅದು ಸಾಲದೇ ಹೋದದ್ದು

ಕಂಪ್ರೆಸರ್‌ನಿಂದ ಗಾಳಿ ಊದಿ ಲೈನ್ ಒಣಗಿಸಿದರೆ ಆಂಟಿಫ್ರೀಜ್ ಕಡಿಮೆ ಸಾಕಾಗಬಹುದು ಅನ್ನುವುದು ನನ್ನ ಆಸೆ. ಪಂಪ್ ಕಳಚಿ, ಅದರ ಹೊರಬಾಯಿಯ ಹೋಸ್‌ಗೆ ಗಾಳಿ ಕೊಟ್ಟೆ. ಒತ್ತಡ 2 ಬಾರ್, ಸುಮಾರು 30 ಪಿಎಸ್ಐ. ನನ್ನ ಪಂಪ್ 2.8 ಬಾರ್‌ಗೆ ತಾನೇ ನಿಲ್ಲುತ್ತದೆ. ಅದಕ್ಕಿಂತ ಜಾಸ್ತಿ ಒತ್ತಡ ಈ ಜಾಯಿಂಟ್‌ಗಳಿಗೆ ಕೊಡಲು ಧೈರ್ಯ ಇಲ್ಲ.

ಒಂದೊಂದು ನಲ್ಲಿ ತೆರೆದೆ. ಬುಸುಬುಸು ಅಂತ ನೀರು ಚಿಮ್ಮಿತು, ಆಮೇಲೆ ಬರೀ ಗಾಳಿ. ಎಲ್ಲ ಒಣಗಿದ ಹಾಗೇ ಅನಿಸಿತು. ಅನುಮಾನಕ್ಕೆ, ಕಾಗದದಲ್ಲಿ ತಗ್ಗು ಅಂತ ಗುರುತು ಹಾಕಿದ್ದ ಜಾಗಕ್ಕೆ ಹೋಗಿ ಎಂಜಿನ್ ಪಕ್ಕದ ಜಾಯಿಂಟ್ ಬಿಚ್ಚಿದೆ. ಅರ್ಧ ಮಗ್ ನೀರು ಬಿತ್ತು. ಗಾಳಿ ದಾರಿ ಮಾಡಿಕೊಂಡ ಮೇಲೆ ನೀರಿನ ಮೇಲೆಯೇ ಹಾದು ಹೋಗುತ್ತದೆ, ತಗ್ಗಿನಲ್ಲಿ ಕೂತ ನೀರನ್ನು ತಳ್ಳುವುದಿಲ್ಲ. ಮತ್ತೆ ಊದಿದೆ, ಮತ್ತೆ ಬಿಚ್ಚಿದೆ, ಇನ್ನೂ ಎರಡು ಚಮಚ. ಗಾಳಿ ಒಂದನ್ನೇ ನಂಬುವುದು ನನ್ನ ದೋಣಿಗೆ ಆಗುವ ಮಾತಲ್ಲ.

ಆದರೂ ಊದಿದ್ದು ವ್ಯರ್ಥ ಆಗಲಿಲ್ಲ. ಒಳಗೆ ನೀರು ಕಡಿಮೆ ಇದ್ದಷ್ಟೂ ಆಂಟಿಫ್ರೀಜ್ ತೆಳುವಾಗುವುದು ಕಡಿಮೆ. ನನ್ನ ಪೈಪಿನ ಒಳವ್ಯಾಸ 12 ಮಿ.ಮೀ., ಮೀಟರಿಗೆ ಸುಮಾರು 113 ಮಿ.ಲೀ. ಹಿಡಿಯುತ್ತದೆ. ಒಟ್ಟು 22 ಮೀಟರ್ ಪೈಪು, ಅಂದರೆ ಎರಡೂವರೆ ಲೀಟರ್. ಅಷ್ಟು ನೀರು ಲೈನ್‌ನಲ್ಲಿ ಇದ್ದಾಗಲೇ ಆಂಟಿಫ್ರೀಜ್ ಬಿಟ್ಟರೆ ಮೊದಲ ಕೆಲವು ಲೀಟರ್ ನೀರಿನ ಜೊತೆ ಬೆರೆತೇ ಹಾಳಾಗುತ್ತದೆ.

ಅದೇ ದಿನ ಮಾಡಿದ ಬೇರೆ ಕೆಲಸಗಳು. ಪ್ರೆಶರ್ ಡಬ್ಬಿ ಕಳಚಿ ತಲೆಕೆಳಗು ಮಾಡಿದೆ, ಅರ್ಧ ಮಗ್ ನೀರು. ಕಾರ್ಬನ್ ಫಿಲ್ಟರ್ ತೆಗೆದು ಬಿಸಾಡಿದೆ. ಆಂಟಿಫ್ರೀಜ್ ಕುಡಿದ ಕಾರ್ಬನ್ ಮತ್ತೆ ಉಪಯೋಗಕ್ಕೆ ಬರುವುದಿಲ್ಲ. ಖಾಲಿ ಬಟ್ಟಲನ್ನು ಮಾತ್ರ ಮತ್ತೆ ತಿರುಪಿದೆ, ಇಲ್ಲದಿದ್ದರೆ ಲೈನ್ ತೆರೆದಿರುತ್ತದೆ. ಟ್ಯಾಂಕ್‌ಗಳಿಂದ ವಾಲ್ವ್‌ವರೆಗಿನ ಎರಡು ಪೈಪುಗಳನ್ನು ಕೈಯಿಂದಲೇ ಬಿಚ್ಚಿ ಬಿಲ್ಜ್ ಕಡೆ ಬಗ್ಗಿಸಿ ಬಸಿದೆ. ಆಂಟಿಫ್ರೀಜನ್ನು ಪಂಪ್ ಹತ್ತಿರದಿಂದ ಎಳೆಯುವವರು ಈ ಎರಡು ಪೈಪುಗಳನ್ನು ಮರೆಯುವುದು ಸುಲಭ. ನಾನೂ ಹೋದ ವರ್ಷ ಮರೆತಿದ್ದೆ, ಅವು ಒಡೆಯದೇ ಇದ್ದದ್ದು ಅದೃಷ್ಟ.

ದಿನ 3: ಗುಲಾಬಿ

ಮೂರನೇ ದಿನದ ರಾತ್ರಿಗೆ ಮೈನಸ್ 3 ಡಿಗ್ರಿ ಅಂತ ಮುನ್ಸೂಚನೆ ಇತ್ತು. ಹಾಗಾಗಿ ಅಂದೇ ಮುಗಿಸಬೇಕಿತ್ತು. ಸಹಾಯಕ್ಕೆ ಮಗಳು ಬಂದಳು. ಅವಳು ನಲ್ಲಿಗಳ ಹತ್ತಿರ ಮಗ್ ಹಿಡಿದು, ನಾನು ಪಂಪ್ ಹತ್ತಿರ.

ಪಂಪ್‌ನ ಎಳೆಯುವ ಬಾಯಿಗೆ ಜಾಲರಿ ಬಟ್ಟಲು ಹಾಕಿ, ಅದಕ್ಕೆ 1.5 ಮೀಟರ್ ಹೋಸ್ ಸೇರಿಸಿ, ಇನ್ನೊಂದು ತುದಿಯನ್ನು ಆಂಟಿಫ್ರೀಜ್ ಡಬ್ಬದಲ್ಲಿ ಮುಳುಗಿಸಿದೆ. ಸ್ವಿಚ್ ಹಾಕಿದೆ. ಪಂಪ್ ಓಡಿತು, ಡಬ್ಬದಲ್ಲಿ ಮಟ್ಟ ಇಳಿಯಲಿಲ್ಲ. ಒಂದು ನಿಮಿಷ ಕಾದೆ. ಏನೂ ಇಲ್ಲ. ಪಂಪ್ ಕೆಟ್ಟಿತು ಅಂದುಕೊಂಡು ಅದರ ತಲೆಯ ನಾಲ್ಕು ಸ್ಕ್ರೂ ಬಿಚ್ಚಿ ಒಳಗಿನ ಕವಾಟ ನೋಡಿದೆ, ಎಲ್ಲ ಚೆನ್ನಾಗಿತ್ತು. ಮತ್ತೆ ಕಟ್ಟಿದೆ. ಮತ್ತೆ ಅದೇ ಕತೆ. 40 ನಿಮಿಷ ಹೋದ ಮೇಲೆ ಜಾಲರಿ ಬಟ್ಟಲಿನ ಮೇಲೆ ಕಣ್ಣು ಬಿತ್ತು. ಹಿಂದಿನ ದಿನ ತೊಳೆದು ಮುಚ್ಚುವಾಗ ಓ-ರಿಂಗ್ (ಗಾಳಿ, ನೀರು ಸೋರದಂತೆ ತಡೆಯುವ ರಬ್ಬರ್ ಬಳೆ) ತನ್ನ ತೋಡಿನಿಂದ ಅರ್ಧ ಹೊರಗೆ ಕೂತಿತ್ತು. ಅಲ್ಲಿಂದ ಪಂಪ್ ಗಾಳಿ ಎಳೆಯುತ್ತಿತ್ತು. ಓ-ರಿಂಗ್ ಒರೆಸಿ, ಸಿಲಿಕಾನ್ ಗ್ರೀಸ್ ತೆಳುವಾಗಿ ಸವರಿ, ತೋಡಿನಲ್ಲಿ ಕೂರಿಸಿ ಕೈಯಿಂದ ಬಿಗಿ ಮಾಡಿದೆ. ಸ್ವಿಚ್ ಹಾಕಿದ ಐದೇ ಸೆಕೆಂಡಿಗೆ ಹೋಸ್‌ನಲ್ಲಿ ಗುಲಾಬಿ ಏರಿತು. ಪಂಪ್ ಓಡಿಯೂ ನೀರು ಎಳೆಯದಿದ್ದರೆ ಪಂಪ್ ಬಿಚ್ಚುವ ಮುಂಚೆ ಅದರ ಹಿಂದಿನ ಜಾಯಿಂಟ್‌ಗಳನ್ನು ನೋಡಿ.

ದೂರದ ನಲ್ಲಿಯಿಂದ ಶುರು ಮಾಡಿದೆ. ಹಿಂಬದಿ ಶವರ್ ಮೊದಲು. ತಣ್ಣೀರು ಪೂರ್ತಿ ತೆರೆದು, ಬಣ್ಣ ಗಾಢವಾಗುವವರೆಗೆ ಬಿಟ್ಟು, ಮುಚ್ಚಿ, ಆಮೇಲೆ ಬಿಸಿನೀರಿನ ಕಡೆ.

"ಅಪ್ಪಾ, ಬಂತು, ನಿಲ್ಲಿಸಿ" ಅಂದಳು.

"ಇನ್ನೂ ಅರ್ಧ ಮಗ್ ಬಿಡು ಪುಟ್ಟಿ, ಆ ಕೊನೆಯ ಅರ್ಧ ಮಗ್ಗೇ ನನಗೆ ಬೇಕು" ಅಂದೆ.

ಆ ಅರ್ಧ ಮಗ್‌ನಿಂದ ಒಂದು ಹನಿ ತೆಗೆದು ರಿಫ್ರ್ಯಾಕ್ಟೋಮೀಟರ್ ಮೇಲೆ ಹಾಕಿದೆ. ಇದರಲ್ಲಿ ಎಥಿಲೀನ್‌ಗೆ ಒಂದು ಪಟ್ಟಿ, ಪ್ರೊಪಿಲೀನ್‌ಗೆ ಇನ್ನೊಂದು ಪಟ್ಟಿ ಇರುತ್ತದೆ, ನೋಡಬೇಕಾದ್ದು ಪ್ರೊಪಿಲೀನ್ ಪಟ್ಟಿ. ಡಬ್ಬದ ದ್ರವವನ್ನು ಮೊದಲೇ ಅಳೆದಿದ್ದೆ, ಮೈನಸ್ 12 ತೋರಿಸಿತ್ತು. ಡಬ್ಬದ ಮೇಲೆ ಮೈನಸ್ 46 ಅಂತ ಬರೆದಿರುವಾಗ ಇದೇನು ಅಂತ ಗಾಬರಿಯಾಗಬೇಡಿ. ಡಬ್ಬದ ಮೇಲಿನ ಅಂಕಿ ಪೈಪು ಒಡೆಯದೆ ಉಳಿಯುವ ಮಟ್ಟ. ದ್ರವ ಗಂಜಿಯಂತೆ ಗಟ್ಟಿಯಾಗಲು ಶುರುವಾಗುವುದು ಅದಕ್ಕಿಂತ ಬಹಳ ಮುಂಚೆ. ಗಂಜಿಯಂತಾದರೂ ಕಲ್ಲಿನಂತೆ ಹಿಗ್ಗಿ ಒತ್ತುವುದಿಲ್ಲ, ಅದಕ್ಕೇ ಪೈಪು ಉಳಿಯುತ್ತದೆ. ಆದರೆ ಈ ಲೆಕ್ಕ ಎಲ್ಲ ನೀರು ಬೆರೆಯದ ದ್ರವಕ್ಕೆ.

ಹಿಂಬದಿ ಶವರ್‌ನ ಬಿಸಿನೀರಿನ ಕಡೆಯಿಂದ ಬಂದ ಹನಿ ಮೈನಸ್ 5 ತೋರಿಸಿತು. ಮಗ್‌ನಲ್ಲಿ ನೋಡಿದರೆ ಚೆಂದದ ಗುಲಾಬಿ. ಅರ್ಧಕ್ಕೆ ಅರ್ಧ ನೀರು ಬೆರೆತಿದ್ದರೂ ಬಣ್ಣ ಹಾಗೇ ಕಾಣುತ್ತದೆ. ಹೋದ ವರ್ಷ ನಾನು ನಂಬಿದ್ದು ಈ ಬಣ್ಣವನ್ನೇ.

ನೀರು ಎಲ್ಲಿಂದ ಬಂತು ಅಂತ ಹುಡುಕಿದೆವು. ಶವರ್‌ನ ಬಗ್ಗುವ ಹೋಸ್ 3 ಮೀಟರ್ ಉದ್ದ. ಲಾಕರ್ ಒಳಗೆ ಸುರುಳಿ ಸುತ್ತಿ ಬಿದ್ದಿರುತ್ತದೆ. ಒಂದೊಂದು ಸುತ್ತಿನ ಕೆಳಗೂ ನೀರು ಕೂತಿತ್ತು, ಗಾಳಿ ಊದಿದಾಗಲೂ ಹೊರಗೆ ಬಂದಿರಲಿಲ್ಲ. ಹೋಸನ್ನು ಪೂರ್ತಿ ಹೊರಗೆಳೆದು, ದೋಣಿಯ ಹಿಂಬದಿಯಿಂದ ಕೆಳಗೆ ನೇತುಬಿಟ್ಟು, ಶವರ್ ತಲೆ ಬಿಚ್ಚಿ ಬಸಿದೆವು. ಮತ್ತೆ ಎರಡೂ ಕಡೆ ಬಿಟ್ಟಾಗ ಮೈನಸ್ 11, ಇನ್ನೊಂದು ಮಗ್ ಬಿಟ್ಟ ಮೇಲೆ ಮೈನಸ್ 12. ಆಮೇಲೆ ಪ್ರತಿ ನಲ್ಲಿಗೂ ಇದೇ ಲೆಕ್ಕ: ಬಣ್ಣ ನೋಡಿ ನಿಲ್ಲಿಸಲಿಲ್ಲ, ಡಬ್ಬದ ಅಂಕಿ ಬಂದಾಗ ನಿಲ್ಲಿಸಿದೆವು. ಬೇಸಿನ್ ಮತ್ತು ಒಳಗಿನ ಶವರ್ ಮೊದಲ ಸಲಕ್ಕೇ ಸರಿಯಾದವು. ಅಡುಗೆ ಸಿಂಕ್‌ನ ತಣ್ಣೀರಿಗೆ ಎರಡು ಸಲ ಬೇಕಾಯಿತು. ಕಾರ್ಬನ್ ಫಿಲ್ಟರ್‌ನ ಖಾಲಿ ಬಟ್ಟಲಿನ ತಳದಲ್ಲಿ ನೀರಿತ್ತು, ಒರೆಸಲು ಮರೆತಿದ್ದೆ.

ಕಾಲ್ಪಂಪ್‌ಗೆ ಪ್ರತ್ಯೇಕ ಕೆಲಸ. ಅದು ದೊಡ್ಡ ಪಂಪ್‌ನ ಲೈನ್‌ಗೆ ಸೇರಿಲ್ಲ, ಹಾಗಾಗಿ ಉಳಿದ ನಲ್ಲಿಗಳಲ್ಲಿ ಎಷ್ಟು ಗುಲಾಬಿ ಬಂದರೂ ಇದರೊಳಗೆ ನೀರೇ ಇರುತ್ತದೆ. ಅದರ ಎಳೆಯುವ ಪೈಪನ್ನು ಟ್ಯಾಂಕ್ ಕಡೆ ಬಿಚ್ಚಿ ಡಬ್ಬದಲ್ಲಿಟ್ಟು ತುಳಿದೆ. 31 ಸಲ ತುಳಿದ ಮೇಲೆ ಅಂಕಿ ಸರಿಬಂತು.

ಕೊನೆಗೆ ಹೊರಹೋಗುವ ಪೈಪುಗಳು. ಎರಡೂ ಸಿಂಕ್‌ಗೆ ಒಂದೊಂದು ಲೀಟರ್ ಸುರಿದೆ. ಶವರ್ ನೆಲದ ಕೆಳಗಿನ ಪೆಟ್ಟಿಗೆಯಿಂದ ಕೂದಲು, ಸೋಪಿನ ಜಿಡ್ಡು ತೆಗೆದು, 2 ಲೀಟರ್ ಸುರಿದು, ಅದರ ಪಂಪ್ ಓಡಿಸಿ ಹೊರಗಡೆ ತೂತಿನಲ್ಲಿ ಗುಲಾಬಿ ಕಾಣುವವರೆಗೆ ಬಿಟ್ಟೆ. ಸೀಕಾಕ್‌ಗಳನ್ನು (ದೋಣಿಯ ಮೈಯ ತೂತುಗಳನ್ನು ಮುಚ್ಚುವ ವಾಲ್ವ್‌ಗಳು) ಅರ್ಧ ತೆರೆದಿಟ್ಟೆ. ಪೂರ್ತಿ ಮುಚ್ಚಿದರೆ ಒಳಗಿನ ಗುಂಡಿನ ತೂತಿನಲ್ಲಿ ನೀರು ಸಿಕ್ಕಿಕೊಳ್ಳುತ್ತದೆ. ದೋಣಿ ನೆಲದ ಮೇಲಿದೆ ಅಂತ ಇದನ್ನು ಮಾಡಿದೆ, ನೀರಿನಲ್ಲಿರುವ ದೋಣಿಗೆ ಮಾಡಬೇಡಿ. ಎಲ್ಲ ನಲ್ಲಿಗಳನ್ನೂ ಅರ್ಧ ತೆರೆದು, ಮಿಕ್ಸರ್ ಹಿಡಿಗಳನ್ನು ಮಧ್ಯದಲ್ಲಿ ನಿಲ್ಲಿಸಿದೆ.

ಖರ್ಚು: ಆಂಟಿಫ್ರೀಜ್ 13 ಲೀಟರ್. ಲೈನ್ ಮತ್ತು ಕಾಲ್ಪಂಪ್‌ಗೆ 9, ಹೊರಹೋಗುವ ಪೈಪುಗಳಿಗೆ 4. ಹೋದ ವರ್ಷ ಗೀಸರ್ ಸೇರಿ 30ರ ಮೇಲೆ ಹೋಗಿತ್ತು. ಸಮಯ ಮೂರು ದಿನ ಸೇರಿ 13 ಗಂಟೆ, ಅದರಲ್ಲಿ ನನ್ನ ತಪ್ಪುಗಳಿಗೇ ಎರಡು ಗಂಟೆ. ಮುರಿದ ಸಾಮಾನು ಇಲ್ಲ.

ಪಂಪ್ ಮತ್ತು ಗೀಸರ್ ಬ್ರೇಕರ್‌ಗಳ ಮೇಲೆ ಟೇಪ್ ಅಂಟಿಸಿ "ಗೀಸರ್ ಖಾಲಿ, ಪೈಪು ಬೈಪಾಸ್‌ನಲ್ಲಿದೆ, ಹಾಕಬೇಡಿ" ಅಂತ ಬರೆದೆ. ಆರು ತಿಂಗಳ ನಂತರ ನನಗೇ ನೆನಪಿರುವುದಿಲ್ಲ.

ಹತ್ತು ದಿನದ ನಂತರ

ಒಂದು ರಾತ್ರಿ ಮೈನಸ್ 8ಕ್ಕೆ ಇಳಿಯಿತು. ಮರುದಿನ ಬೆಳಿಗ್ಗೆ ಹೋಗಿ ನೋಡಿದೆ. ಹಿಂಬದಿ ಶವರ್‌ನ ಮಿಕ್ಸರ್ ಕೆಳಗೆ ಕಾಗದ ಹಾಸಿ ಬಂದಿದ್ದೆ, ಒದ್ದೆಯಾಗಿರಲಿಲ್ಲ. ಶವರ್ ಹೋಸ್ ಮೆತ್ತಗೇ ಇತ್ತು. ಕಾಲ್ಪಂಪ್ ಮೆಲ್ಲಗೆ ತುಳಿದರೆ ಎಲ್ಲೂ ಹಿಡಿಯಲಿಲ್ಲ. ಗೀಸರ್ ಡ್ರೇನ್ ಬಾಯಲ್ಲಿ ಬೆರಳು ಗಾತ್ರದ ಐಸ್ ಕಡ್ಡಿ ನೇತಾಡುತ್ತಿತ್ತು.

ಒಂದು ಮಾತ್ರ ಬಾಕಿ ಉಳಿದಿತ್ತು. ಮುಂದಿನ ಟ್ಯಾಂಕ್‌ನ ಗಾಳಿ ಪೈಪು ಗೋಡೆಯ ಹಲಗೆಯ ಹಿಂದೆ ಒಂದು ಕಡೆ ಜೋತುಬಿದ್ದಿದೆ. ಟ್ಯಾಂಕ್ ಉಕ್ಕುವಷ್ಟು ತುಂಬಿಸಿದಾಗಲೆಲ್ಲ ಅಲ್ಲಿಗೆ ನೀರು ಹೋಗುತ್ತದೆ. ನನ್ನ ಕಾಗದದಲ್ಲಿ ಆ ಪೈಪೇ ಇರಲಿಲ್ಲ. ಅಂದೇ ಹಲಗೆಯ ಆರು ಸ್ಕ್ರೂ ಬಿಚ್ಚಿ ಕೈ ಹಾಕಿದೆ. ಜೋತುಬಿದ್ದ ಕಡೆ ಪೈಪು ಒಂದು ಗೇಣಿನಷ್ಟು ಗಟ್ಟಿಯಾಗಿತ್ತು, ಒಳಗೆ ಐಸ್. ಬಿಸಿನೀರಿನಲ್ಲಿ ಅದ್ದಿದ ಬಟ್ಟೆ ಸುತ್ತಿ ಕರಗಿಸಿ, ಕ್ಲಿಪ್ ಬಿಚ್ಚಿ ಬಸಿದೆ. ಮೆತ್ತನೆಯ ಹೋಸ್ ಆದ್ದರಿಂದ ಒಡೆದಿರಲಿಲ್ಲ. ಬೇಸಿಗೆಯಲ್ಲಿ ಆ ಪೈಪನ್ನು 20 ಸೆಂ.ಮೀ. ಕತ್ತರಿಸಿ, ಜೋತುಬೀಳದ ಹಾಗೆ ಮೇಲಕ್ಕೆ ಕಟ್ಟಬೇಕು. ಈಗ ಕಾಗದದಲ್ಲಿ ಅದನ್ನೂ ಬರೆದಿದ್ದೇನೆ.